ಇಲಿಗಳಲ್ಲಿ ಮಲೇರಿಯಾ ಔಷಧದ ಪರೀಕ್ಷೆ: ನಾಲ್ಕು ದಿನಗಳ ವಿಧಾನದ ಸಮಗ್ರ ಮಾರ್ಗದರ್ಶಿ

ಗಾಜಿನ ತಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಸಂಯುಕ್ತಗಳಿಗೆ ಬರವಿಲ್ಲ. ಆದರೆ ಹೊಟ್ಟೆಯ ಆಮ್ಲ, ಕರುಳಿನ ಗೋಡೆ, ಯಕೃತ್ತಿನ ಕಿಣ್ವಗಳನ್ನು ದಾಟಿ ರಕ್ತಕ್ಕೆ ಸೇರಿ, ಅಲ್ಲಿಯೂ ಕೊಲ್ಲುವಷ್ಟು ಹೊತ್ತು ಉಳಿಯುವಂಥವು ಬೆರಳೆಣಿಕೆಯಷ್ಟು. ಆ ಜರಡಿ ಹಿಡಿಯುವ ಕೆಲಸವನ್ನು ದಶಕಗಳಿಂದ ಮಾಡುತ್ತಿರುವುದು ನಾಲ್ಕು ದಿನಗಳ ಒಂದು ಸರಳ ಪರೀಕ್ಷೆ. ಬ್ರಿಟಿಷ್ ಪರಾವಲಂಬಿ ತಜ್ಞ ವ್ಯಾಲೇಸ್ ಪೀಟರ್ಸ್ ಅವರ ಹೆಸರಿನಿಂದಲೇ ಅದನ್ನು ಪೀಟರ್ಸ್ ಪರೀಕ್ಷೆ ಎಂದು ಕರೆಯುತ್ತಾರೆ. ಮೊದಲ ದಿನ ಸೋಂಕು, ನಾಲ್ಕು ದಿನ ಔಷಧ, ಕೊನೆಗೆ ಬಾಲದ ತುದಿಯಿಂದ ಒಂದು ಹನಿ ರಕ್ತ. ಹೇಳುವುದಕ್ಕೆ ಇಷ್ಟೇ. ಆದರೆ ಇದರಿಂದ ಬರುವ ಅಂಕಿಯನ್ನು ನಂಬಬಹುದೇ ಎನ್ನುವುದು ಔಷಧಕ್ಕಿಂತ ಹೆಚ್ಚಾಗಿ ಔಷಧ ಪಡೆಯದ ಐದು ಇಲಿಗಳ ಮೇಲೆ ನಿಂತಿದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಈ ಬರಹ ಪರಾವಲಂಬಿ ಶಾಸ್ತ್ರ, ಔಷಧ ಶಾಸ್ತ್ರ ಅಥವಾ ಫಾರ್ಮಸಿಯಲ್ಲಿ ಸಂಶೋಧನೆಗೆ ತೊಡಗಿರುವವರಿಗಾಗಿ. ಇಲಿಗಳನ್ನು ಹಿಡಿಯುವ, ಚುಚ್ಚುಮದ್ದು ಕೊಡುವ ತರಬೇತಿ ನಿಮಗಾಗಲೇ ಆಗಿದೆ ಎಂದುಕೊಂಡು ಬರೆದಿದ್ದೇನೆ. ಆಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಓದಿ ಕಲಿಯುವ ವಿದ್ಯೆ ಅದಲ್ಲ.

ಯಾವ ಪರಾವಲಂಬಿ, ಯಾವ ಇಲಿ

ಮನುಷ್ಯರನ್ನು ಕಾಡುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಸಾಮಾನ್ಯ ಇಲಿಯ ರಕ್ತದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಸಾವಿರಾರು ಸಂಯುಕ್ತಗಳನ್ನು ಜರಡಿ ಹಿಡಿದದ್ದು ಕೋಳಿಮರಿ ಮತ್ತು ಬಾತುಕೋಳಿಗಳಲ್ಲಿ, ಹಕ್ಕಿಗಳ ಮಲೇರಿಯಾ ಬಳಸಿ. 1948ರಲ್ಲಿ ಬೆಲ್ಜಿಯನ್ ಕಾಂಗೋದ ಕಟಾಂಗಾದಲ್ಲಿ ವಿಂಕೆ ಮತ್ತು ಲಿಪ್ಸ್ ಎಂಬ ಸಂಶೋಧಕರು ಕಾಡಿಲಿಗಳನ್ನು ಕಾಡುವ ಪ್ಲಾಸ್ಮೋಡಿಯಂ ಬರ್ಗೈಯನ್ನು ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು. ಪ್ರಯೋಗಾಲಯದ ಬಿಳಿ ಇಲಿಯಲ್ಲಿ ಅದು ಸೊಗಸಾಗಿ ಬೆಳೆಯುತ್ತದೆ, ಸುಮಾರು 24 ಗಂಟೆಗೊಂದು ಸುತ್ತು ಮುಗಿಸುತ್ತದೆ, ಮನುಷ್ಯರಿಗೆ ಹರಡುವುದಿಲ್ಲ.

ಮೊದಲ ಹಂತದ ಪರೀಕ್ಷೆಗೆ ಔಷಧಗಳಿಗೆ ಬಗ್ಗುವ ಅಂಕಾ ಅಥವಾ ಎನ್‌ಕೆ-65 ತಳಿ ಸಾಕು. ಇಲಿ ಸ್ವಿಸ್ ಆಲ್ಬಿನೊ ಆಗಬಹುದು. ತೂಕ 18ರಿಂದ 22 ಗ್ರಾಂ, ಒಂದೇ ಲಿಂಗ, ಒಂದೇ ವಯಸ್ಸು. ಅಂಕಾ ತಳಿಯನ್ನು ಸಿ-57 ಕಪ್ಪು ಇಲಿಗಳಿಗೆ ಹಾಕಬೇಡಿ. ಅವುಗಳಿಗೆ ಆರನೆಯ ದಿನದ ಹೊತ್ತಿಗೆ ಮೆದುಳಿನ ಮಲೇರಿಯಾ ಬರುತ್ತದೆ. ರಕ್ತದಲ್ಲಿ ಪರಾವಲಂಬಿ ಕಡಿಮೆ ಇರುವಾಗಲೇ ಇಲಿ ಸಾಯುವುದರಿಂದ, ಬದುಕುಳಿದ ದಿನಗಳ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ.

ಪರಾವಲಂಬಿಯನ್ನು ಇಲಿಯಿಂದ ಇಲಿಗೆ ತಿಂಗಳುಗಟ್ಟಲೆ ದಾಟಿಸುತ್ತಾ ಇಟ್ಟುಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಬಿಡಬೇಕು. ಸೊಳ್ಳೆಯನ್ನೇ ಕಾಣದೆ ರಕ್ತದಿಂದ ರಕ್ತಕ್ಕೆ ಹರಿದಾಡಿದ ತಳಿಯ ಉಗ್ರತೆ ಬದಲಾಗುತ್ತದೆ. ಸೊಳ್ಳೆಗೆ ದಾಟುವ ರೂಪಗಳನ್ನು ಉಂಟುಮಾಡುವ ಶಕ್ತಿಯೂ ಕುಂದುತ್ತದೆ. ಒಮ್ಮೆಗೇ ಸಾಕಷ್ಟು ಸೋಂಕಿತ ರಕ್ತವನ್ನು ಗ್ಲಿಸರಾಲ್ ಬೆರೆಸಿ ದ್ರವ ಸಾರಜನಕದಲ್ಲಿ ಸಣ್ಣ ಸಣ್ಣ ಶೀಷೆಗಳಾಗಿ ಇಡಿ. ನಾಲ್ಕೈದು ಬಾರಿ ದಾಟಿಸಿದ ಮೇಲೆ ಹೊಸ ಶೀಷೆ ತೆಗೆಯಿರಿ.

ಅನುಮತಿ

ಭಾರತದಲ್ಲಿ ಈ ಕೆಲಸ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳಿಗೆ ಒಳಪಟ್ಟಿದೆ. ಪ್ರಾಣಿಮನೆ ನೋಂದಣಿಯಾಗಿರಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ನಿಮ್ಮ ಅರ್ಜಿಯನ್ನು ಒಪ್ಪಿರಬೇಕು. ಅರ್ಜಿಯಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ: ಇಷ್ಟೇ ಇಲಿಗಳು ಏಕೆ ಬೇಕು, ಮತ್ತು ಯಾವ ಸ್ಥಿತಿ ತಲುಪಿದ ಇಲಿಯನ್ನು ನೋವಿಲ್ಲದೆ ಕೊನೆಗಾಣಿಸುತ್ತೀರಿ. ಎರಡನೆಯದಕ್ಕೆ ‘ಅಗತ್ಯ ಬಿದ್ದಾಗ’ ಎಂದು ಬರೆದರೆ ಸಮಿತಿ ಹಿಂದಕ್ಕೆ ಕಳುಹಿಸುತ್ತದೆ, ಕಳುಹಿಸಬೇಕು ಕೂಡ. ತೂಕ ಶೇಕಡಾ 20ರಷ್ಟು ಇಳಿದರೆ, ಮೈ ತಣ್ಣಗಾಗಿ 32 ಡಿಗ್ರಿಗಿಂತ ಕೆಳಗಿಳಿದರೆ, ಬೆನ್ನು ಗೂನು ಮಾಡಿಕೊಂಡು ಮುಟ್ಟಿದರೂ ಕದಲದಿದ್ದರೆ ಎಂದು ಅಳೆಯಬಲ್ಲ ಲಕ್ಷಣಗಳನ್ನು ಬರೆಯಿರಿ. ನಿಯಂತ್ರಣ ಗುಂಪಿನ, ಅಂದರೆ ಔಷಧ ಪಡೆಯದ, ಇಲಿಗಳು ತಾವಾಗಿ ಸಾಯುವವರೆಗೆ ಕಾಯುವ ಹಳೆಯ ಪದ್ಧತಿಗೆ ಈ ಪರೀಕ್ಷೆಯಲ್ಲಿ ಕಾರಣವೇ ಇಲ್ಲ. ನಾಲ್ಕನೆಯ ದಿನದ ರಕ್ತಲೇಪನ (ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತ) ಸಿಕ್ಕಿದ ಮೇಲೆ ಅವುಗಳ ಕೆಲಸ ಮುಗಿಯಿತು.

ಇಲಿಗೆ ಕೊಡುವ ಮೊದಲು ಮೂರು ಪ್ರಶ್ನೆ

ಸಂಯುಕ್ತ ಫಾಲ್ಸಿಪಾರಂ ಸಂವರ್ಧನೆಯಲ್ಲಿ ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ ಸಾಂದ್ರತೆಯಲ್ಲಿ ಕೆಲಸ ಮಾಡಿದೆಯೇ? ಸಸ್ತನಿ ಕೋಶಗಳನ್ನು ಕೊಲ್ಲಲು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ ಬೇಕೇ? ಸೋಂಕಿಲ್ಲದ ಇಲಿ ನೀವು ಕೊಡಲಿರುವ ಅತಿ ಹೆಚ್ಚಿನ ಡೋಸನ್ನು ತಾಳಿಕೊಳ್ಳುತ್ತದೆಯೇ? ಮೂರಕ್ಕೂ ‘ಹೌದು’ ಎಂದಾದರೆ ಮುಂದುವರಿಯಿರಿ. ಗಿಡಮೂಲಿಕೆ ಸಾರಗಳ ವಿಷಯದಲ್ಲಿ ಮೂರನೆಯ ಪ್ರಶ್ನೆಯನ್ನು ಹಾರಿಸಿಬಿಡುವವರು ಬಹಳ. ಸಸ್ಯದಿಂದ ಬಂದದ್ದು ಸೌಮ್ಯ ಎಂಬ ನಂಬಿಕೆಗೆ ಪ್ರಯೋಗಾಲಯದಲ್ಲಿ ಜಾಗವಿಲ್ಲ. ಡೋಸ್ ಹೆಚ್ಚಾಗಿ ಮೇವು ಬಿಟ್ಟ ಇಲಿಯಲ್ಲಿ ಪರಾವಲಂಬಿಯೂ ನಿಧಾನವಾಗಿ ಬೆಳೆಯಬಹುದು. ಅದನ್ನು ಔಷಧದ ಗುಣವೆಂದು ಬರೆದ ವರದಿಗಳು ಕಡಿಮೆಯೇನಿಲ್ಲ.

ಸಾರ ತೆಗೆಯುವ ವಿಧಾನವೂ ಇಲ್ಲಿಯೇ ನಿರ್ಧಾರವಾಗಬೇಕು. ಚೀನಾದ ತೂ ಯೂಯೂ ಅವರ ತಂಡಕ್ಕೆ ಆರ್ಟೆಮಿಸಿಯಾ ಸಸ್ಯದ ಸಾರ ಒಮ್ಮೆ ಒಳ್ಳೆಯ ಫಲ ಕೊಟ್ಟು, ಮತ್ತೆ ಮಾಡಿದಾಗ ಕೈಕೊಟ್ಟಿತ್ತು. ಬಿಸಿ ಮಾಡುವುದರಿಂದ ಸತ್ವ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ತೆಗೆದ 191ನೆಯ ಮಾದರಿ 1971ರ ಅಕ್ಟೋಬರ್ 4ರಂದು ಇಲಿಗಳ ಮಲೇರಿಯಾವನ್ನು ಶೇಕಡಾ 100ರಷ್ಟು ಅಡಗಿಸಿತು. ಆ ಸಸ್ಯದಿಂದ ಸಿಕ್ಕ ಆರ್ಟೆಮಿಸಿನಿನ್ ಔಷಧಕ್ಕಾಗಿ ಅವರಿಗೆ ಬಂದ 2015ರ ನೊಬೆಲ್ ಪ್ರಶಸ್ತಿಯ ದಾರಿ ಹೊರಟದ್ದು ಇಂಥದೇ ಇಲಿಗಳ ಪಂಜರದಿಂದ.

ಗುಂಪುಗಳು

ಗುಂಪಿಗೆ ಐದು ಇಲಿ. ಒಂದು ಗುಂಪಿಗೆ ಔಷಧವಿಲ್ಲದ ಬರೀ ದ್ರಾವಕ. ಅದೇ ನಿಯಂತ್ರಣ ಗುಂಪು. ಇನ್ನೊಂದಕ್ಕೆ ಹೋಲಿಕೆಗಾಗಿ ಹಳೆಯ ಮಲೇರಿಯಾ ಔಷಧ ಕ್ಲೋರೋಕ್ವಿನ್, ಕಿಲೋ ತೂಕಕ್ಕೆ 10 ಮಿಲಿಗ್ರಾಂ. ಉಳಿದ ನಾಲ್ಕಕ್ಕೆ ನಿಮ್ಮ ಸಂಯುಕ್ತ, ಕಿಲೋ ತೂಕಕ್ಕೆ 100, 30, 10 ಮತ್ತು 3 ಮಿಲಿಗ್ರಾಂ. ಒಟ್ಟು 30 ಇಲಿಗಳು. ಹಲವು ಸಂಯುಕ್ತಗಳನ್ನು ಒಟ್ಟಿಗೆ ಜರಡಿ ಹಿಡಿಯುವಾಗ ಮೊದಲು ಒಂದೇ ದೊಡ್ಡ ಡೋಸಿನಲ್ಲಿ ಎಲ್ಲವನ್ನೂ ನೋಡಿ, ಗೆದ್ದವನ್ನಷ್ಟೇ ನಾಲ್ಕು ಡೋಸಿಗೆ ಒಯ್ದರೆ ಪ್ರಾಣಿಗಳು ಉಳಿಯುತ್ತವೆ.

ದಿನ ಸೊನ್ನೆ: ಸೋಂಕು

ಸೋಂಕಿತ ರಕ್ತ ಕೊಡುವ ದಾನಿ ಇಲಿಯ ರಕ್ತದಲ್ಲಿ ಶೇಕಡಾ 20ರಿಂದ 30ರಷ್ಟು ಕೆಂಪು ಕಣಗಳಿಗೆ ಪರಾವಲಂಬಿ ಹತ್ತಿರಬೇಕು. ಇಲಿಯನ್ನು ಪೂರ್ತಿ ಅರಿವಳಿಕೆಯಲ್ಲಿಟ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸವರಿದ ಸಿರಿಂಜಿನಿಂದ ಹೃದಯದ ರಕ್ತ ತೆಗೆಯುತ್ತಾರೆ. ಆ ಇಲಿ ಮತ್ತೆ ಎಚ್ಚರಗೊಳ್ಳುವುದಿಲ್ಲ.

ಲೆಕ್ಕ ಹೀಗೆ. ಪ್ರತಿ ಇಲಿಗೆ 0.2 ಮಿಲಿಲೀಟರಿನಲ್ಲಿ ಒಂದು ಕೋಟಿ ಸೋಂಕಿತ ಕಣ ಹೋಗಬೇಕು. ಅಂದರೆ ಮಿಲಿಲೀಟರಿಗೆ ಐದು ಕೋಟಿ. ಕಣ ಎಣಿಸುವ ಗೆರೆಗಾಜಿನಲ್ಲಿ (ಹೀಮೋಸೈಟೋಮೀಟರ್) ನೋಡಿದಾಗ ದಾನಿಯ ರಕ್ತದಲ್ಲಿ ಮಿಲಿಲೀಟರಿಗೆ 800 ಕೋಟಿ ಕೆಂಪು ಕಣ ಸಿಕ್ಕಿದವು, ಲೇಪನದಲ್ಲಿ ಶೇಕಡಾ 25 ಸೋಂಕು ಕಂಡಿತು ಎಂದುಕೊಳ್ಳಿ. ಸೋಂಕಿತ ಕಣಗಳು 200 ಕೋಟಿ ಆದವು. ನಲವತ್ತು ಪಟ್ಟು ತೆಳು ಮಾಡಬೇಕು: 0.25 ಮಿಲಿಲೀಟರ್ ರಕ್ತಕ್ಕೆ 9.75 ಮಿಲಿಲೀಟರ್ ಸಲೈನ್. 30 ಇಲಿಗಳಿಗೆ ಬೇಕಾದದ್ದು 6 ಮಿಲಿಲೀಟರ್. ಸಿರಿಂಜಿನಲ್ಲಿ ಉಳಿಯುವುದು, ಚೆಲ್ಲುವುದು ಎಲ್ಲ ಕಳೆದರೂ 10 ಮಿಲಿಲೀಟರ್ ಧಾರಾಳ. ಕೆಂಪು ಕಣಗಳನ್ನು ಎಣಿಸದೆ ಪುಸ್ತಕದ ಸರಾಸರಿ ಹಾಕಿಕೊಳ್ಳಬೇಡಿ. ದಾನಿ ಇಲಿಗೆ ಆಗಲೇ ರಕ್ತಹೀನತೆ ಶುರುವಾಗಿರುತ್ತದೆ.

ಚುಚ್ಚುವಾಗ ನಡೆಯುವ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಿ. ಕೊಳವೆಯಲ್ಲಿ ತೆಳು ಮಾಡಿಟ್ಟ ರಕ್ತ ನಿಂತಲ್ಲೇ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಕಣಗಳು ತಳಕ್ಕೆ ಇಳಿಯುತ್ತವೆ, ಮೇಲೆ ತಿಳಿಯಾದ ಪದರ ಕಾಣುತ್ತದೆ. ಸಿರಿಂಜಿನೊಳಗೂ ಅದೇ ಕತೆ. ಕೊಳವೆ ಅಲುಗಿಸದೆ ಮೊದಲನೆಯ ಪಂಜರದಿಂದ ಆರನೆಯ ಪಂಜರದವರೆಗೆ ಸಾಲಾಗಿ ಚುಚ್ಚುತ್ತ ಹೋದರೆ ಒಂದು ಗುಂಪಿಗೆ ಕೋಟಿಗಿಂತ ಹೆಚ್ಚು, ಇನ್ನೊಂದಕ್ಕೆ ಅರ್ಧ ಕೋಟಿ ಹೋಗಿರುತ್ತದೆ. ನಾಲ್ಕು ದಿನದ ನಂತರ ಆ ವ್ಯತ್ಯಾಸ ಔಷಧದ ಪ್ರಭಾವದ ವೇಷ ಹಾಕಿಕೊಂಡು ಬರುತ್ತದೆ. ಆದ್ದರಿಂದ ಪ್ರತಿ ಸಲ ಸಿರಿಂಜ್ ತುಂಬುವ ಮೊದಲು ಕೊಳವೆಯನ್ನು ಮೆಲ್ಲಗೆ ತಿರುಗಿಸಿ. ಅದಕ್ಕಿಂತ ಮುಖ್ಯವಾದದ್ದು, ಮೊದಲು ಎಲ್ಲ ಇಲಿಗಳಿಗೂ ಸೋಂಕು ಕೊಟ್ಟು, ಆಮೇಲೆ ಚೀಟಿ ಎತ್ತಿ ಗುಂಪುಗಳಿಗೆ ಹಂಚಿ. ಕ್ರಮ ತಿರುವುಮುರುವಾಗಬಾರದು.

ಬಾಲದ ರಕ್ತನಾಳಕ್ಕೆ ಕೊಟ್ಟರೆ ಸೋಂಕು ಎಲ್ಲ ಇಲಿಗಳಲ್ಲಿ ಒಂದೇ ಸಮ ಏರುತ್ತದೆ. ಕೈ ಪಳಗಿಲ್ಲದಿದ್ದರೆ ಹೊಟ್ಟೆಯ ಕುಹರಕ್ಕೆ ಕೊಡಿ. ಆದರೆ ಒಂದೇ ಪ್ರಯೋಗದಲ್ಲಿ ಎರಡನ್ನೂ ಬೆರೆಸಬೇಡಿ.

ಔಷಧ ತಯಾರಿ ಮತ್ತು ಕೊಡುವುದು

ನೀರಿನಲ್ಲಿ ಕರಗುವ ಸಂಯುಕ್ತ ಸಿಕ್ಕರೆ ನಿಮ್ಮ ಅದೃಷ್ಟ. ಸಿಗದಿದ್ದಾಗ ಶೇಕಡಾ 0.5ರ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಲ್ಲಿ ನುಣ್ಣಗೆ ಅರೆದು ತೇಲಿಸಬಹುದು, ಇಲ್ಲವೇ ಶೇಕಡಾ 7 ಟ್ವೀನ್-80 ಮತ್ತು ಶೇಕಡಾ 3 ಎಥನಾಲ್ ಇರುವ ನೀರು ಬಳಸಬಹುದು. ಕರಗಲಿಲ್ಲವೆಂದು ಡಿಎಂಎಸ್‌ಒ ಎಂಬ ಪ್ರಬಲ ದ್ರಾವಕ ಸುರಿಯುತ್ತ ಹೋಗುವುದು ಸುಲಭದ ದಾರಿ. ಆದರೆ ಅದು ತಾನೇ ಇಲಿಯನ್ನು ಕಾಡುತ್ತದೆ. ಯಾವ ದ್ರಾವಕ ಬಳಸಿದರೂ ಅದೇ ದ್ರಾವಕ, ಅದೇ ಪ್ರಮಾಣದಲ್ಲಿ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಿಯಂತ್ರಣ ಗುಂಪಿಗೂ ಹೋಗಬೇಕು. ಏನನ್ನೂ ಕೊಡದೆ ಪಂಜರದಲ್ಲಿ ಬಿಟ್ಟ ಇಲಿಗಳು ನಿಯಂತ್ರಣ ಗುಂಪಲ್ಲ.

ಕಿಲೋ ತೂಕಕ್ಕೆ 10 ಮಿಲಿಲೀಟರ್ ಕೊಡುವುದು ರೂಢಿ. 20 ಗ್ರಾಂ ಇಲಿಗೆ 0.2 ಮಿಲಿಲೀಟರ್. ಹಾಗಾದರೆ 30 ಮಿಲಿಗ್ರಾಂ ಡೋಸಿಗೆ ದ್ರಾವಣದ ಸಾಂದ್ರತೆ ಮಿಲಿಲೀಟರಿಗೆ 3 ಮಿಲಿಗ್ರಾಂ. ಇಲಿಗಳನ್ನು ಪ್ರತಿದಿನ ತೂಗಿಯೇ ಕೊಡಿ.

ಕ್ಲೋರೋಕ್ವಿನ್ ತೂಗುವಾಗ ಶೀಷೆಯ ಚೀಟಿ ಓದಿ. ಅಂಗಡಿಯಿಂದ ಬರುವುದು ಸಾಮಾನ್ಯವಾಗಿ ಡೈಫಾಸ್ಫೇಟ್ ಲವಣ. ಅದರ ಅಣುತೂಕ ಸುಮಾರು 516, ಅದರೊಳಗಿನ ಕ್ಲೋರೋಕ್ವಿನ್‌ನದು 320. ಹತ್ತು ಮಿಲಿಗ್ರಾಂ ಕ್ಲೋರೋಕ್ವಿನ್ ಬೇಕೆಂದರೆ 16 ಮಿಲಿಗ್ರಾಂ ಲವಣ ತೂಗಬೇಕು. ಎರಡು ಪ್ರಯೋಗಾಲಯಗಳ ಫಲಿತಾಂಶ ಹೊಂದದಿದ್ದಾಗ ಎಷ್ಟೋ ಸಲ ಜಗಳವೆಲ್ಲ ಈ ಆರು ಮಿಲಿಗ್ರಾಂನಲ್ಲೇ ಇರುತ್ತದೆ.

ಮೊದಲ ಡೋಸ್ ಸೋಂಕು ಕೊಟ್ಟ 2ರಿಂದ 4 ಗಂಟೆಯ ಒಳಗೆ; ಮುಂದಿನವು 24, 48, 72ನೆಯ ಗಂಟೆಗೆ. ಬಾಯಿಯ ಮೂಲಕ ಕೊಡಲು ತುದಿ ಗುಂಡಗಿರುವ ಗ್ಯಾವೇಜ್ ಸೂಜಿ ಬಳಸಿ. ಸೂಜಿ ತನ್ನ ಭಾರಕ್ಕೇ ಇಳಿಯಬೇಕು. ತಡೆದರೆ ಒತ್ತಬೇಡಿ, ಹೊರತೆಗೆದು ಮತ್ತೆ ಹಾಕಿ. ಶ್ವಾಸಕೋಶಕ್ಕೆ ಔಷಧ ಹೋದ ಇಲಿ ಮರುದಿನ ಸತ್ತರೆ ಅದನ್ನು ಔಷಧದ ವಿಷವೆಂದು ಬರೆಯುವಂತಿಲ್ಲ. ಶವ ತೆರೆದು ನೋಡಲೇಬೇಕು.

ಸಂಯುಕ್ತ ಬಾಯಿಯ ಮೂಲಕ ಸೋತಿತೆಂದು ಕೂಡಲೇ ಎಸೆಯಬೇಡಿ. ಚರ್ಮದಡಿ ಕೊಟ್ಟಾಗ ಗೆದ್ದರೆ ತೊಂದರೆ ಹೀರಿಕೆಯದು. ರಸಾಯನ ಶಾಸ್ತ್ರಜ್ಞರು ಅದನ್ನು ತಿದ್ದಬಲ್ಲರು. ಇಲಿಯ ಯಕೃತ್ತು ಮನುಷ್ಯರದ್ದಕ್ಕಿಂತ ಬಹಳ ಚುರುಕಾಗಿ ಅನೇಕ ಔಷಧಗಳನ್ನು ಒಡೆದುಹಾಕುತ್ತದೆ ಎಂಬುದೂ ನೆನಪಿರಲಿ.

ನಾಲ್ಕನೆಯ ದಿನ: ಲೇಪನ ಮತ್ತು ಎಣಿಕೆ

96ನೆಯ ಗಂಟೆಗೆ ಬಾಲದ ತುದಿ ಚುಚ್ಚಿ, ಒಂದು ಚಿಕ್ಕ ಹನಿಯನ್ನು ಸ್ಲೈಡಿನ ಮೇಲೆ ತೆಳುವಾಗಿ ಎಳೆಯಿರಿ. ದೊಡ್ಡ ಹನಿ ಎಳೆದರೆ ಕಣಗಳು ಒಂದರ ಮೇಲೊಂದು ಬೀಳುತ್ತವೆ. ಗಾಳಿಯಲ್ಲಿ ಪೂರ್ತಿ ಒಣಗಿದ ಮೇಲೆ ಮೆಥನಾಲ್. ಆಮೇಲೆ ಪಿಎಚ್ 7.2ರಲ್ಲಿ ಶೇಕಡಾ 10ರ ಗೀಮ್ಸಾ ಬಣ್ಣದಲ್ಲಿ 15ರಿಂದ 20 ನಿಮಿಷ. ನೀರು ಆಮ್ಲೀಯವಾಗಿದ್ದರೆ ಎಲ್ಲವೂ ಗುಲಾಬಿಯಾಗಿ ಪರಾವಲಂಬಿ ಮಸುಕಾಗುತ್ತದೆ.

100 ಪಟ್ಟಿನ ಎಣ್ಣೆ ಮಸೂರದಡಿ ಒಳ್ಳೆಯ ಲೇಪನದಲ್ಲಿ ಪರಾವಲಂಬಿಯ ಜೀವರಸ ನೀಲಿ, ಕೋಶಕೇಂದ್ರ ಕೆಂಪು ಚುಕ್ಕೆ. ಬಲಿತವುಗಳಲ್ಲಿ ಹೊಂಬಣ್ಣದಿಂದ ಕಂದಿನ ವರ್ಣಕದ ಹರಳು. ಬರ್ಗೈಗೆ ಎಳೆಯ ಕೆಂಪು ಕಣಗಳ ಮೇಲೆ ಹೆಚ್ಚು ಪ್ರೀತಿ. ಅವು ತುಸು ದೊಡ್ಡವು, ನೀಲಿ ಛಾಯೆಯವು, ಒಂದೊಂದರಲ್ಲಿ ಮೂರು ನಾಲ್ಕು ಪರಾವಲಂಬಿಗಳೂ ಇರುತ್ತವೆ. ಎಣಿಸಬೇಕಾದದ್ದು ಸೋಂಕಿತ ಕಣಗಳನ್ನು, ಒಳಗಿನ ಪರಾವಲಂಬಿಗಳನ್ನಲ್ಲ. ನಾಲ್ಕಿದ್ದರೂ ಒಂದೇ ಲೆಕ್ಕ. ಕಣದ ಮೇಲೆ ಕುಳಿತ ಕಿರುಬಿಲ್ಲೆ (ಪ್ಲೇಟ್‌ಲೆಟ್), ಬಣ್ಣದ ಕೊಳೆ, ಎಳೆಯ ಕಣದಲ್ಲಿ ಉಳಿದ ಕೋಶಕೇಂದ್ರದ ಚೂರು, ಈ ಮೂರೂ ಹೊಸಬರನ್ನು ಏಮಾರಿಸುತ್ತವೆ. ಸುತ್ತ ನೀಲಿ ಜೀವರಸವಿಲ್ಲದ ಒಂಟಿ ಚುಕ್ಕೆಯನ್ನು ಪರಾವಲಂಬಿ ಎನ್ನಬೇಡಿ.

ನಿಯಂತ್ರಣ ಗುಂಪಿಗೆ ಸಾವಿರ ಕಣ ಎಣಿಸಿದರೆ ಸಾಕು. ಔಷಧ ಕೆಲಸ ಮಾಡಿದ ಸ್ಲೈಡಿನಲ್ಲಿ ಸಾವಿರಕ್ಕೆ ಒಂದೂ ಸಿಗದಿರಬಹುದು. ಆಗ ಹತ್ತು ಸಾವಿರದವರೆಗೆ ಹೋಗಿ. ಸ್ಲೈಡುಗಳ ಮೇಲೆ ಗುಂಪಿನ ಹೆಸರು ಇರಬಾರದು. ಬೇರೊಬ್ಬರು ಸಂಕೇತ ಸಂಖ್ಯೆ ಬರೆದು, ಎಣಿಕೆ ಮುಗಿದ ಮೇಲಷ್ಟೇ ಬಿಚ್ಚಬೇಕು. ತನ್ನದೇ ಸಂಯುಕ್ತದ ಸ್ಲೈಡ್ ಎಂದು ಗೊತ್ತಿದ್ದವರ ಕಣ್ಣು ಅನುಮಾನದ ಕಣಗಳನ್ನು ಬಿಟ್ಟುಬಿಡುತ್ತದೆ. ಇದು ಅಪ್ರಾಮಾಣಿಕತೆಯಲ್ಲ, ಮನುಷ್ಯ ಸ್ವಭಾವ. ಆದ್ದರಿಂದಲೇ ಪ್ರಾಮಾಣಿಕರಿಗೂ ಈ ನಿಯಮ ಬೇಕು.

ಮೊದಲು ನಿಯಂತ್ರಣ ಗುಂಪನ್ನು ಓದಿ

ಸಂಕೇತ ಬಿಚ್ಚಿದೊಡನೆ ಎಲ್ಲರೂ ಓಡುವುದು ತಮ್ಮ ಸಂಯುಕ್ತದ ಅಂಕಿಗೆ. ಮೊದಲು ದ್ರಾವಕ ಕುಡಿದ ಐದು ಇಲಿಗಳನ್ನು ನೋಡಿ. ಐದರಲ್ಲೂ ಸೋಂಕು ಚೆನ್ನಾಗಿ ಏರಿದೆಯೇ? ಒಂದರಲ್ಲಿ ಶೇಕಡಾ 25, ಪಕ್ಕದ್ದರಲ್ಲಿ 3 ಇದ್ದರೆ ಚುಚ್ಚಿದ್ದು ತಪ್ಪಿದೆ. ಎಲ್ಲವೂ ಶೇಕಡಾ 5ರ ಕೆಳಗಿದ್ದರೆ ಆ ಪ್ರಯೋಗವನ್ನು ಬದಿಗಿಡಿ. ಎಷ್ಟೇ ಸುಂದರ ಫಲಿತಾಂಶ ಬಂದಿದ್ದರೂ ಸರಿ. ಆಮೇಲೆ ಕ್ಲೋರೋಕ್ವಿನ್ ಗುಂಪು. 10 ಮಿಲಿಗ್ರಾಂನಲ್ಲಿ ಅದು ಔಷಧಕ್ಕೆ ಬಗ್ಗುವ ತಳಿಯನ್ನು ಬಹುತೇಕ ಪೂರ್ತಿ ಅಡಗಿಸಬೇಕು. ಇಲ್ಲವಾದರೆ ತಳಿ ಬದಲಾಗಿದೆ ಅಥವಾ ತೂಕ ತಪ್ಪಿದೆ.

ನಿಯಂತ್ರಣ ಗುಂಪು ಸೊರಗಲು ವಿಚಿತ್ರ ಕಾರಣಗಳೂ ಉಂಟು. 1952ರಲ್ಲಿ ಲಿವರ್‌ಪೂಲ್‌ನ ಮೆಗ್ರೇತ್ ಮತ್ತು ಸಂಗಡಿಗರು ಬರೀ ಹಾಲು ಕುಡಿಸಿದ ಪ್ರಾಣಿಗಳಲ್ಲಿ ಬರ್ಗೈ ಸೋಂಕು ಬೆಳೆಯುವುದಿಲ್ಲ ಎಂದು ಕಂಡರು. ಹಾಲಿನಲ್ಲಿ ಔಷಧವೇನೂ ಇರಲಿಲ್ಲ. ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲ ಸಾಲದಾಗಿತ್ತು. ಮರುವರ್ಷ ಬ್ರಿಟಿಷ್ ಸಂಶೋಧಕ ಫ್ರಾಂಕ್ ಹಾಕಿಂಗ್ ಅದನ್ನು ತೋರಿಸಿದರು. ಪರಾವಲಂಬಿ ತನ್ನ ಬೆಳವಣಿಗೆಗೆ ಬೇಕಾದ ಫೋಲೇಟ್ ಜೀವಸತ್ವವನ್ನು ಕಟ್ಟಿಕೊಳ್ಳಲು ಆ ಆಮ್ಲ ಬೇಕು. ಹಾಗಾಗಿ ಮೇವು ಸರಬರಾಜು ಮಾಡುವವರು ಬದಲಾದರೆ ನಿಮ್ಮ ಸೋಂಕಿನ ರೇಖೆಯೂ ಬದಲಾಗಬಹುದು. ಇನ್ನೊಂದು ಕಾರಣ ಇಲಿಗಳ ಹೇನು. ಅವು ಹರಡುವ ಒಂದು ಸೂಕ್ಷ್ಮಜೀವಿ ಕೆಂಪು ಕಣಗಳಿಗೆ ಅಂಟಿಕೊಂಡು ಮಲೇರಿಯಾವನ್ನೇ ಹಿಮ್ಮೆಟ್ಟಿಸುತ್ತದೆ. ಪ್ರಾಣಿಮನೆಯ ಶುಚಿತ್ವವೂ ಪ್ರಯೋಗದ ಭಾಗ.

ನಿಯಂತ್ರಣ ಗುಂಪು ಪಾಸಾದರೆ ಲೆಕ್ಕ ಸುಲಭ. ಅದರ ಸರಾಸರಿ ಶೇಕಡಾ 32, ಔಷಧ ಪಡೆದ ಗುಂಪಿನದು 4 ಎಂದುಕೊಳ್ಳಿ. 32ರಲ್ಲಿ 4 ಕಳೆದು, 32ರಿಂದ ಭಾಗಿಸಿ, 100ರಿಂದ ಗುಣಿಸಿ: ಶೇಕಡಾ 87.5 ದಮನ. ನಾಲ್ಕು ಡೋಸಿನ ದಮನವನ್ನು ಡೋಸಿನ ಲಾಗರಿದಮ್ ಎದುರು ಗುರುತಿಸಿ ರೇಖೆ ಎಳೆದರೆ, ಶೇಕಡಾ 50 ಮತ್ತು 90 ದಮನಕ್ಕೆ ಬೇಕಾದ ಡೋಸ್ ಸಿಗುತ್ತದೆ. ಸಂಯುಕ್ತಗಳನ್ನು ಒಂದಕ್ಕೊಂದು ಹೋಲಿಸಬೇಕಾದದ್ದು ಈ ಡೋಸುಗಳಿಂದ, ಒಂದೇ ಡೋಸಿನ ಶೇಕಡಾವಾರಿನಿಂದಲ್ಲ. ಕಚ್ಚಾ ಗಿಡಮೂಲಿಕೆ ಸಾರ ದಿನಕ್ಕೆ 100 ಮಿಲಿಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ದಮನ ತೋರಿದರೆ ಬಹಳ ಒಳ್ಳೆಯದು. ಅದಕ್ಕೆ 500 ಮಿಲಿಗ್ರಾಂ ಬೇಕಾದರೆ ಹುಮ್ಮಸ್ಸು ತಗ್ಗಿಸಿಕೊಳ್ಳಿ.

ದಮನ ಬೇರೆ, ಗುಣ ಬೇರೆ

ಶೇಕಡಾ 99.9 ದಮನ ಕಂಡ ಇಲಿ ಹತ್ತನೆಯ ದಿನ ಮತ್ತೆ ಸೋಂಕಿನಿಂದ ತುಂಬಿರಬಹುದು. ಲೇಪನದಲ್ಲಿ ಒಂದೂ ಕಾಣದ ಇಲಿಗಳನ್ನು 30 ದಿನ ಉಳಿಸಿಕೊಂಡು ಆಗಾಗ ರಕ್ತ ನೋಡಿ. ಅಷ್ಟೂ ದಿನ ಶುದ್ಧವಾಗಿದ್ದರೆ ಮಾತ್ರ ಗುಣವಾಯಿತೆನ್ನುವುದು ವಾಡಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಸಹೋದ್ಯೋಗಿಗಳು ಅರಿಶಿನದ ಕರ್ಕ್ಯುಮಿನ್ ಮೇಲೆ ಮಾಡಿದ ಕೆಲಸ ಈ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. 2005ರಲ್ಲಿ ಪ್ರಕಟವಾದಂತೆ, ಬರ್ಗೈ ಸೋಂಕಿನ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿದಾಗ ಪರಾವಲಂಬಿಗಳು ಶೇಕಡಾ 80ರಿಂದ 90ರಷ್ಟು ತಗ್ಗಿದವು. ಮರುವರ್ಷದ ವರದಿಯಲ್ಲಿ ಆರ್ಟೆಮಿಸಿನಿನ್‌ನಿಂದ ತಯಾರಾದ ಆರ್ಟೀಥರ್‌ನ ಒಂದೇ ಚುಚ್ಚುಮದ್ದಿನ ಬೆನ್ನಿಗೆ ಮೂರು ಬಾರಿ ಕರ್ಕ್ಯುಮಿನ್ ಕೊಟ್ಟಾಗ ಇಲಿಗಳು ಪೂರ್ತಿ ಬದುಕುಳಿದವು. ದಮನಕ್ಕೆ ನಿಲ್ಲದೆ ಬದುಕುಳಿಯುವಿಕೆಯನ್ನು ನೋಡಿದ್ದರಿಂದಲೇ ಜೋಡಿಯ ಬಲ ಕಾಣಿಸಿತು.

ಈ ಪರೀಕ್ಷೆ ಕುರುಡಾಗುವ ಜಾಗಗಳೂ ಇವೆ. ಡಾಕ್ಸಿಸೈಕ್ಲಿನ್‌ನಂಥ ನಿಧಾನದ ಔಷಧಗಳು ಪರಾವಲಂಬಿಯ ಮುಂದಿನ ಪೀಳಿಗೆಯನ್ನು ಕೊಲ್ಲುತ್ತವೆ. ನಾಲ್ಕು ದಿನದಲ್ಲಿ ಅವುಗಳ ಪೂರ್ತಿ ಶಕ್ತಿ ಕಾಣದು. ರಕ್ತದಿಂದ ಸೋಂಕು ಕೊಡುವುದರಿಂದ ಯಕೃತ್ತಿನ ಹಂತವೇ ಇಲ್ಲಿಲ್ಲ. ಅದಕ್ಕೆ ಸೊಳ್ಳೆಯಿಂದ ತೆಗೆದ ಸ್ಪೋರೋಜೋಯಿಟ್‌ಗಳೇ, ಅಂದರೆ ಸೊಳ್ಳೆ ಕಚ್ಚಿದಾಗ ಮೈಸೇರುವ ಪರಾವಲಂಬಿ ರೂಪಗಳೇ ಬೇಕು. ಮನುಷ್ಯರ ಇನ್ನೊಂದು ಮಲೇರಿಯಾ ಪರಾವಲಂಬಿ ವೈವಾಕ್ಸ್‌ನಂತೆ ಯಕೃತ್ತಿನಲ್ಲಿ ಅಡಗಿ ಕುಳಿತು ಮರುಕಳಿಸುವ ರೂಪ ಬರ್ಗೈಗೆ ಇಲ್ಲವೇ ಇಲ್ಲ.

ನಾಲ್ಕು ದಿನಗಳ ಪರೀಕ್ಷೆ ಗೆದ್ದ ಸಂಯುಕ್ತವನ್ನು ಮುಂದೆ ಬೇರೂರಿದ ಸೋಂಕಿನ ಎದುರು ನಿಲ್ಲಿಸಬೇಕು. ಲ್ಯಾಬ್‌ಗಳಲ್ಲಿ ರೇನ್ ಪರೀಕ್ಷೆ ಎಂದು ಕರೆಯುವ ಆ ವಿಧಾನದಲ್ಲಿ ಔಷಧ ಶುರುವಾಗುವುದೇ 72ನೆಯ ಗಂಟೆಗೆ, ರಕ್ತದಲ್ಲಿ ಪರಾವಲಂಬಿ ಕಾಣಿಸಿಕೊಂಡ ಮೇಲೆ. ಆಸ್ಪತ್ರೆಗೆ ಬರುವ ರೋಗಿಯ ಸ್ಥಿತಿಗೆ ಅದು ಹೆಚ್ಚು ಹತ್ತಿರ. ಅಲ್ಲಿಯೂ ಉಳಿದದ್ದನ್ನು, ಮನುಷ್ಯರ ಕೆಂಪು ಕಣ ತುಂಬಿ ಫಾಲ್ಸಿಪಾರಂ ಬೆಳೆಸಿದ, ರೋಗನಿರೋಧಕ ಶಕ್ತಿಯಿಲ್ಲದ ವಿಶೇಷ ಇಲಿಗಳಿಗೆ ಒಯ್ಯುತ್ತಾರೆ. ಆ ಇಲಿಗಳ ಬೆಲೆ ವಿಪರೀತ, ಕಾಳಜಿಯೂ ಅಷ್ಟೇ. ಹಾಗಾಗಿ ಅಲ್ಲಿಗೆ ಕಳುಹಿಸುವ ಮೊದಲು ನಿಮ್ಮ ನಾಲ್ಕು ದಿನಗಳ ಪರೀಕ್ಷೆಯನ್ನು ಹೊಸ ಶೀಷೆಯ ಪರಾವಲಂಬಿ, ಹೊಸದಾಗಿ ತೂಗಿದ ಔಷಧದೊಂದಿಗೆ ಇನ್ನೊಮ್ಮೆ ಮಾಡಿ. ವರದಿಯಲ್ಲಿ ಎರಡೂ ಸಲದ ನಿಯಂತ್ರಣ ಗುಂಪಿನ ಅಂಕಿಗಳನ್ನು ಇಲಿವಾರು ಕೊಡಿ.